ಮೂತಿ ಭಾರ ಇರಲಿ, ಮೂತಿ ಗಟ್ಟಿ ಬೇಡ: ನರ್ಫ್ ಬ್ಲಾಸ್ಟರಿಗೆ ಮನೆಯಲ್ಲೇ ಫೋಮ್ ಡಾರ್ಟ್ ಮಾಡುವ ಸಮಗ್ರ ಮಾರ್ಗದರ್ಶಿ

ನರ್ಫ್ ಬ್ಲಾಸ್ಟರ್ ಅಂದರೆ ಫೋಮಿನ ಮೆತ್ತನೆ ಡಾರ್ಟು ಹಾರಿಸುವ ಆಟಿಕೆ ಬಂದೂಕು. ಅದು ಬಂದ ಮನೆಯಲ್ಲಿ ಬ್ಲಾಸ್ಟರ್ ಕೆಡುವುದಕ್ಕೆ ಎಷ್ಟೋ ಮುಂಚೆ ಡಾರ್ಟುಗಳು ಖಾಲಿಯಾಗುತ್ತವೆ. ದಸರಾ ರಜೆಗೆ ನಮ್ಮ ಮನೆಗೆ ಬಂದ ಅಕ್ಕನ ಮಗ 20 ಡಾರ್ಟು ತಂದಿದ್ದ. ನಾಲ್ಕನೇ ದಿನ ಎಣಿಸಿದರೆ ಏಳೇ ಏಳು. ಎರಡು ತಾರಸಿಯ ಮಳೆನೀರಿನ ಪೈಪಿನೊಳಗೆ ಇಳಿದಿದ್ದವು, ಒಂದು ಪಕ್ಕದ ಮನೆಯ ಹೆಂಚಿನ ಸಂದಿಯಲ್ಲಿತ್ತು, ಇನ್ನೊಂದನ್ನು ಬೀದಿನಾಯಿ ಅಗಿದು ಉಗಿದಿತ್ತು. ಉಳಿದವು ಎಲ್ಲಿ ಹೋದವೋ. “ಮಾವ, ನೀನೇ ಮಾಡಿಕೊಡು” ಅಂದ. ಮಾಡಿದೆ. ಮೊದಲ ಹನ್ನೆರಡೂ ದಂಡವಾದವು. ಆ ಹನ್ನೆರಡು ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಸುವ ಲೆಕ್ಕದಲ್ಲಿ ಇದಕ್ಕೆ ಕೈಹಾಕಬೇಡಿ. ನೂರು ಡಾರ್ಟಿನ ಪ್ಯಾಕೆಟ್ ಆನ್‌ಲೈನಿನಲ್ಲಿ ಅಗ್ಗಕ್ಕೇ ಸಿಗುತ್ತದೆ, ನಿಮ್ಮ ಎರಡು ಭಾನುವಾರದ ಬೆಲೆ ಅದಕ್ಕಿಂತ ಜಾಸ್ತಿ. ಆದರೆ ಆ ಅಗ್ಗದ ಡಾರ್ಟುಗಳಲ್ಲಿ ಕೆಲವಕ್ಕೆ ಮೂತಿ ಗಟ್ಟಿ ಪ್ಲಾಸ್ಟಿಕ್ಕಿನದು, ಕೆಲವು ನಳಿಗೆಗೆ ಸಡಿಲ. ನಿಮ್ಮದೇ ಬ್ಲಾಸ್ಟರಿಗೆ ಸರಿಯಾಗಿ ಕೂರುವ, ಮೂತಿ ಮೆತ್ತಗಿರುವ, ನೆಟ್ಟಗೆ ಹೋಗುವ ಡಾರ್ಟು ಬೇಕೆಂದರೆ ಕೈಯಾರೆ ಮಾಡುವುದರಲ್ಲಿ ಅರ್ಥವಿದೆ. ಮಾಡುವ ಖುಷಿ ಬೇರೆ.

ಡಾರ್ಟು ನೆಟ್ಟಗೆ ಹಾರುವುದು ಯಾಕೆ

ನರ್ಫ್ ಹುಟ್ಟಿದ್ದು ಅಮೆರಿಕದಲ್ಲಿ, ಚೆಂಡಾಗಿ. ರೇನ್ ಗಯರ್ ಎಂಬ ಆಟಿಕೆ ವಿನ್ಯಾಸಕ ಫೋಮಿನ ‘ಕಲ್ಲು’ಗಳನ್ನು ಎಸೆದಾಡುವ ಆಟವೊಂದನ್ನು ಯೋಚಿಸುತ್ತಿದ್ದ. ಆಟಕ್ಕಿಂತ ಆ ಕಲ್ಲುಗಳೇ ಮಜವೆನಿಸಿದವು, ಪಾರ್ಕರ್ ಬ್ರದರ್ಸ್ ಕಂಪನಿ 1970ರಲ್ಲಿ ಅದನ್ನು ಮನೆಯೊಳಗೆ ಆಡುವ ಚೆಂಡಾಗಿ ಮಾರಿತು. ಡಾರ್ಟು ಹಾರಿಸುವ ಬ್ಲಾಸ್ಟರ್ ಬಂದದ್ದು 1992ರಲ್ಲಿ. ಈಗ ಎಲ್ಲೆಡೆ ಕಾಣುವ ನೀಲಿ ಮೈ, ಕಿತ್ತಳೆ ಮೂತಿಯ ‘ಎಲೀಟ್’ ಡಾರ್ಟು 2012ರದು. ಉದ್ದ ಸುಮಾರು 72 ಮಿ.ಮೀ., ದಪ್ಪ 13 ಮಿ.ಮೀ. ಆಸುಪಾಸು, ತೂಕ ಒಂದು ಗ್ರಾಂ. ಒಳಗೆ ಟೊಳ್ಳು.

ಆ ಒಂದು ಗ್ರಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮೂತಿಯ ರಬ್ಬರಿನಲ್ಲಿ. ಗುಟ್ಟೆಲ್ಲ ಇಲ್ಲೇ ಇದೆ. ಬ್ಯಾಡ್ಮಿಂಟನ್ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಟಲನ್ನು ಹೇಗೇ ಬಾರಿಸಿ, ಗಾಳಿಯಲ್ಲಿ ಅದು ತಿರುಗಿಕೊಂಡು ಬಿರಡೆಯನ್ನು ಮುಂದೆ ಮಾಡಿಯೇ ಹೋಗುತ್ತದೆ. ಭಾರ ಮುಂದಿದೆ, ಗಾಳಿ ಹಿಡಿದೆಳೆಯುವ ಗರಿ ಹಿಂದಿದೆ. ಡಾರ್ಟಿನಲ್ಲಿ ಗರಿಯ ಕೆಲಸ ಮಾಡುವುದು ಫೋಮಿನ ಉದ್ದನೆಯ ಬಾಲ. ಮೂತಿಯಲ್ಲಿ ಭಾರವಿಲ್ಲದ ಬರೀ ಫೋಮ್ ತುಂಡನ್ನು ಹಾರಿಸಿ ನೋಡಿ, ಎರಡು ಮಾರು ಹೋಗುವಷ್ಟರಲ್ಲಿ ಪಲ್ಟಿ ಹೊಡೆದು ಬೀಳುತ್ತದೆ.

ಅಮೆರಿಕದ ಹವ್ಯಾಸಿಗಳು ಮನೆಯಲ್ಲಿ ಮಾಡಿದ ಡಾರ್ಟನ್ನು ‘ಸ್ಟೆಫಾನ್’ ಅನ್ನುತ್ತಾರೆ. ಅವರ ಹಳೆಯ ಪಾಕವಿಧಾನದಲ್ಲಿ ಮೂತಿಯ ಭಾರಕ್ಕೆ ಉಕ್ಕಿನ ಗುಂಡು, ವಾಷರ್, ಮೀನು ಹಿಡಿಯುವವರ ಸೀಸ, ಹೀಗೆ ಏನಾದರೊಂದು ಲೋಹ ಇರುತ್ತಿತ್ತು. ನಾನೂ ಹಾಗೇ ಶುರುಮಾಡಿದೆ. ಸೈಕಲ್ ಅಂಗಡಿಯಿಂದ ಕಾಲಿಂಚಿನ ಬೇರಿಂಗ್ ಗುಂಡು ತಂದೆ. ಒಂದೊಂದೂ ಒಂದು ಗ್ರಾಂ ತೂಗುತ್ತದೆ. ಡಾರ್ಟೇನೋ ಪಲ್ಟಿ ಹೊಡೆಯದೆ ಹೋಯಿತು, ಹೋಗಿ ಬೀರುವಿನ ಬಾಗಿಲಿಗೆ ‘ಟಣ್’ ಎಂದು ಬಡಿಯಿತು. ಬಣ್ಣ ಎದ್ದು ಅಷ್ಟಗಲದ ತಗ್ಗು ಬಿದ್ದಿತ್ತು. ಬೀರುವಿನ ಜಾಗದಲ್ಲಿ ಮಗುವಿನ ಮುಖ ಇದ್ದಿದ್ದರೆ ಎನ್ನುವ ಯೋಚನೆ ಬಂದದ್ದೇ ತಡ, ಉಳಿದ ಗುಂಡುಗಳನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟೆ.

ಇದು ಅತಿಯಾದ ಭಯವೇನಲ್ಲ. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ವೈದ್ಯರು 2017ರಲ್ಲಿ ಮೂರು ಪ್ರಕರಣಗಳನ್ನು ವರದಿ ಮಾಡಿದರು. ನರ್ಫ್ ಡಾರ್ಟು ಕಣ್ಣಿಗೆ ತಗುಲಿ, ಕಣ್ಣಿನೊಳಗೆ ರಕ್ತ ಇಳಿದಿತ್ತು. ಮೂವರಲ್ಲಿ ಒಬ್ಬ 11 ವರ್ಷದ ಹುಡುಗ. ಬರೀ ಫೋಮಿನ ಆಟಿಕೆ ಅಷ್ಟು ಮಾಡಬಲ್ಲದಾದರೆ ಒಳಗೆ ಉಕ್ಕಿನ ಗುಂಡು ಇಟ್ಟುಕೊಂಡದ್ದು ಏನು ಮಾಡಲಾರದು? ಆದ್ದರಿಂದ ಈ ಬರಹದಲ್ಲಿ ಲೋಹಕ್ಕೆ ಜಾಗವಿಲ್ಲ. ಭಾರ ಬೇಕು, ಅದು ಮೆತ್ತಗಿನ ವಸ್ತುವಿನಿಂದಲೇ ಬರಬೇಕು. ಹುಡುಕಿದಾಗ ಸಿಕ್ಕ ಉತ್ತರ ಮೇಜಿನ ಮೇಲೇ ಬಿದ್ದಿತ್ತು: ಅಂಟನ್ನು ಕರಗಿಸಿ ಹಚ್ಚುವ ಗ್ಲೂ ಗನ್ನಿಗೆ ಹಾಕುವ ಅಂಟಿನ ಕಡ್ಡಿ.

ಮೊದಲು ನಿಮ್ಮ ಬ್ಲಾಸ್ಟರಿನ ಬಾಯಿ ನೋಡಿ

ಸಾಮಾನು ತರುವುದಕ್ಕೆ ಮುಂಚೆ ಟಾರ್ಚ್ ಹಿಡಿದು ನಳಿಗೆಯೊಳಗೆ ಇಣುಕಿ. ಸ್ಪ್ರಿಂಗಿನ ಬ್ಲಾಸ್ಟರುಗಳಲ್ಲಿ ಬಹಳಷ್ಟಕ್ಕೆ ಒಳಗೆ ನಡುಮಧ್ಯೆ ಒಂದು ಪ್ಲಾಸ್ಟಿಕ್ ಗೂಟ ಇರುತ್ತದೆ. ಟೊಳ್ಳು ಡಾರ್ಟು ಅದರ ಮೇಲೆ ಟೊಪ್ಪಿಯಂತೆ ಕೂರುತ್ತದೆ. ಟೊಳ್ಳಿಲ್ಲದ ಡಾರ್ಟನ್ನು ಅಲ್ಲಿಗೆ ತುರುಕಿದರೆ ಕೂರುವುದೇ ಇಲ್ಲ. ಇನ್ನು ಕೆಲವದರಲ್ಲಿ ಡಾರ್ಟು ಪೂರ್ತಿ ಒಳಗೆ ಹೋಗಿ ಒತ್ತಿದಾಗ ಮಾತ್ರ ತೆರೆಯುವ ಪುಟ್ಟ ಕವಾಟವಿದೆ, ಡಾರ್ಟು ಗಿಡ್ಡವಾದರೆ ಗಾಳಿ ಬರುವುದಿಲ್ಲ. ಹಾಗಾಗಿ ಒಂದು ಪೊರಕೆ ಕಡ್ಡಿ ಹಾಕಿ ಗೂಟದ ತುದಿ ಎಲ್ಲಿದೆ, ಬುಡ ಎಲ್ಲಿದೆ ಎಂದು ಅಳೆದು ಬರೆದುಕೊಳ್ಳಿ. ಡಾರ್ಟಿನ ಹಿಂಬದಿ ಕೊರೆಯಬೇಕಾದ ತೂತಿನ ಆಳಕ್ಕೆ ಆ ಎರಡರ ನಡುವಿನ ಅಂತರವೇ ಆಧಾರ.

ಬ್ಯಾಟರಿಯ ಬ್ಲಾಸ್ಟರಾದರೆ ಒಳಗೆ ಎರಡು ಚಕ್ರ ಗಿರಗಿರ ತಿರುಗಿ ಡಾರ್ಟನ್ನು ಹಿಂಡಿ ಎಸೆಯುತ್ತವೆ. ಅಲ್ಲಿ ಗಾಳಿಯ ಚಿಂತೆ ಇಲ್ಲ. ಆದರೆ ಮೂತಿ ಫೋಮಿಗಿಂತ ಒಂದು ಕೂದಲೆಳೆಯಷ್ಟೂ ದಪ್ಪ ಇರಕೂಡದು, ಇದ್ದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ಮ್ಯಾಗಜೀನಿನಿಂದ, ಅಂದರೆ ಹಲವು ಡಾರ್ಟು ತುಂಬಿಡುವ ಪೆಟ್ಟಿಗೆಯಿಂದ, ಹಾರಿಸುವ ಬ್ಲಾಸ್ಟರಿಗೆ ಉದ್ದ ಕರಾರುವಾಕ್ಕಾಗಿ ಮೂಲ ಡಾರ್ಟಿನಷ್ಟೇ ಇರಬೇಕು. ನನ್ನನ್ನು ಕೇಳಿದರೆ, ಮನೆಯ ಡಾರ್ಟಿಗೆ ಹೇಳಿ ಮಾಡಿಸಿದ್ದು ಒಂದೊಂದೇ ತುಂಬುವ, ಎಳೆದು ಬಿಡುವ ಸ್ಪ್ರಿಂಗಿನ ಬ್ಲಾಸ್ಟರು. ಮೊದಲು ಅದರಲ್ಲಿ ಕೈ ಪಳಗಲಿ.

ನಮ್ಮದಲ್ಲದ ಡಾರ್ಟು ಹಾಕಬೇಡಿ, ಡಾರ್ಟನ್ನೂ ಬ್ಲಾಸ್ಟರನ್ನೂ ಮಾರ್ಪಡಿಸಬೇಡಿ ಎಂದು ತಯಾರಕರು ಡಬ್ಬದ ಮೇಲೆ ಬರೆದಿರುತ್ತಾರೆ. ಅದು ಗೊತ್ತಿದ್ದೇ ಈ ಕೆಲಸ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಅಂಗಡಿಯ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ಅಂದರೆ ಯಾರೋ ಪರೀಕ್ಷೆ ಮಾಡಿರುತ್ತಾರೆ. ಮನೆಯಲ್ಲಿ ಮಾಡಿದ್ದಕ್ಕೆ ಪರೀಕ್ಷಕರೂ ನಾವೇ, ಜವಾಬ್ದಾರರೂ ನಾವೇ.

ಬೇಕಾದ ಸಾಮಾನು

ಮುಖ್ಯವಾದದ್ದು ಬ್ಯಾಕರ್ ರಾಡ್. ಕಾಂಕ್ರೀಟಿನ ಬಿರುಕು, ಕಿಟಕಿ ಚೌಕಟ್ಟಿನ ಸಂದಿಗಳಿಗೆ ಸೀಲೆಂಟ್ (ಸಂದಿ ಮುಚ್ಚುವ ಅಂಟು) ಹಾಕುವ ಮುಂಚೆ ತುರುಕುವ ಹಗ್ಗದಂಥ ಫೋಮ್ ಅದು. ಸೀಲೆಂಟ್, ವಾಟರ್‌ಪ್ರೂಫಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ, ಮೀಟರ್ ಲೆಕ್ಕದಲ್ಲೂ ಕೊಡುತ್ತಾರೆ. ಪಾಲಿಥೀನ್ ಫೋಮಿನದು, ನೀರು ಹೀರದ ಜಾತಿಯದು ಬೇಕು. ಸ್ಪಂಜಿನಂತೆ ಹಿಂಡಿದರೆ ಚಪ್ಪಟೆಯಾಗುವುದು ಬೇಡ.

ದಪ್ಪದ ವಿಷಯದಲ್ಲಿ ಅಂಗಡಿಯವರ ಮಾತನ್ನಾಗಲಿ ಚೀಟಿಯ ಮೇಲಿನ ಸಂಖ್ಯೆಯನ್ನಾಗಲಿ ಪೂರಾ ನಂಬಬೇಡಿ. ಜೇಬಿನಲ್ಲಿ ಒಂದು ಗೇಣು ಅರ್ಧ ಇಂಚಿನ ಸಿಪಿವಿಸಿ ಪೈಪ್ ಇಟ್ಟುಕೊಂಡು ಹೋಗಿ, ಬಿಸಿನೀರಿಗೆ ಹಾಕುವ ಅದೇ ಮಾಸಲು ಹಳದಿ ಪೈಪು. ಅದರ ಒಳಗಿನ ಅಳತೆ ಹೆಚ್ಚುಕಡಿಮೆ 12.4 ಮಿ.ಮೀ. ಫೋಮನ್ನು ಅದರೊಳಗೆ ತೂರಿಸಿದಾಗ ಮೆಲ್ಲಗೆ ಹಿಡಿದುಕೊಳ್ಳಬೇಕು, ಬಾಯಿಂದ ಊದಿದರೆ ಜಾರಿ ಹೊರಬರಬೇಕು. ಊದುವ ಮುಂಚೆಯೇ ಬಿದ್ದುಹೋದರೆ ಸಡಿಲ. ಕೆನ್ನೆ ನೋಯುವಷ್ಟು ಊದಿದರೂ ಅಲುಗದಿದ್ದರೆ ಬಿಗಿ. ಮಲೆನಾಡಿನವರು ಬಿದಿರಿನ ಪೆಟ್ಲು ನೆನಪಿಸಿಕೊಳ್ಳಿ. ಕಾಯಿ ಕೊಳವೆಗೆ ಸರಿಯಾಗಿ ಕೂತರಷ್ಟೇ ಒಳಗಿನ ಗಾಳಿ ಒತ್ತಿಕೊಂಡು ‘ಟಪ್’ ಅನ್ನುವುದು, ಸಣ್ಣ ಕಾಯಿಯಾದರೆ ಬರೀ ‘ಪುಸ್’. ಸ್ಪ್ರಿಂಗಿನ ಬ್ಲಾಸ್ಟರಿನೊಳಗೂ ನಡೆಯುವುದು ಅದೇ.

ಮಿಕ್ಕಿದ್ದು: 7 ಮಿ.ಮೀ. ಅಂಟಿನ ಕಡ್ಡಿ ಮತ್ತು ಅದಕ್ಕೆ ಹೊಂದುವ 20 ವ್ಯಾಟಿನ ಚಿಕ್ಕ ಗ್ಲೂ ಗನ್. ದೊಡ್ಡ ಗನ್ ಬೇಡ, ಅದು ಕಾರುವ ಅಂಟು ಫೋಮನ್ನೇ ಕರಗಿಸುತ್ತದೆ. ಡಾರ್ಟಿನ ಮೂತಿಗೆ, ಕುರ್ಚಿ ಮೇಜಿನ ಕಾಲಿಗೆ ಅಂಟಿಸುವ ಮೆತ್ತನೆ ಫೆಲ್ಟ್ ಪ್ಯಾಡ್, 3 ಮಿ.ಮೀ. ದಪ್ಪದ್ದು. ಚರ್ಮದ ಕೆಲಸದವರು ಬಳಸುವ 12 ಮಿ.ಮೀ. ಪಂಚ್, ಇಲ್ಲವಾದರೆ ಒಳ್ಳೆ ಕತ್ತರಿ. ಹೊಸ ಬ್ಲೇಡ್ ಹಾಕಿದ ಕಟರ್. ಹಳೆಯ ರೇಡಿಯೋದ ಏರಿಯಲ್. ಹೇರ್ ಡ್ರೈಯರ್. ಮುಕ್ಕಾಲು ಇಂಚಿನ ಕರೆಂಟ್ ವೈರಿಂಗ್ ಪೈಪ್ ಒಂದು ಮೀಟರ್.

ಏರಿಯಲ್ ಯಾಕೆಂದರೆ, ಅದರ ಬುಡದ ಕೊಳವೆ ಸಾಮಾನ್ಯವಾಗಿ 7 ಮಿ.ಮೀ. ಹತ್ತಿರ ಇರುತ್ತದೆ, ಗೋಡೆ ತೆಳ್ಳಗೆ. ಆ ಭಾಗವನ್ನು ಹತ್ತು ಸೆಂಟಿಮೀಟರಿನಷ್ಟು ಕತ್ತರಿಸಿ, ಒಂದು ಬಾಯಿಯನ್ನು ಒಳಗಡೆಯಿಂದ ಅರದಲ್ಲಿ ಉಜ್ಜಿ ಹರಿತ ಮಾಡಿಕೊಂಡರೆ ಫೋಮ್ ಕೊರೆಯಲು ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಕಾಯಿಸಿದ ಮೊಳೆಯಿಂದ ತೂತು ಮಾಡಬಹುದು ಎಂದು ಯಾರಾದರೂ ಹೇಳಿಯಾರು. ಮಾಡಬಹುದು, ಆದರೆ ಹೊಗೆ ಕುಡಿಯಬೇಕು, ತೂತು ಸೊಟ್ಟಗಾಗುತ್ತದೆ, ಒಳಗೋಡೆ ಕರಗಿ ಗಟ್ಟಿಯಾಗುತ್ತದೆ.

ಥರ್ಮೊಕೋಲ್ ಪುಡಿಯಾಗುತ್ತದೆ, ಬೇಡ. ಎ.ಸಿ. ಪೈಪಿಗೆ ಸುತ್ತುವ ಕರೀ ರಬ್ಬರ್ ಫೋಮ್ ನಳಿಗೆಗೆ ಕಚ್ಚಿಕೊಳ್ಳುತ್ತದೆ, ಅದೂ ಬೇಡ.

ಹೆಜ್ಜೆ 1: ಸೊಟ್ಟ ತೆಗೆಯುವುದು

ಸುರುಳಿಯಿಂದ ಬಂದ ರಾಡಿಗೆ ಸುರುಳಿಯದೇ ಬಾಗು ಇರುತ್ತದೆ. ಬಾಳೆಕಾಯಿಯಂತೆ ಬಾಗಿದ ಡಾರ್ಟು ಬಾಳೆಕಾಯಿಯಂತೆಯೇ ಹಾರುತ್ತದೆ. ಮೊದಲ ಸಲ ನಾನು ಈ ಹೆಜ್ಜೆಯನ್ನು ಹಾರಿಸಿಬಿಟ್ಟಿದ್ದೆ, ಹನ್ನೆರಡು ಡಾರ್ಟು ದಂಡವಾಗಿದ್ದಕ್ಕೆ ಅದೇ ಮುಖ್ಯ ಕಾರಣ. ಈ ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಜಾಗ ಇದೊಂದೇ.

ರಾಡನ್ನು ಒಂದು ಮೀಟರಿಗಿಂತ ತುಸು ಕಡಿಮೆ ಉದ್ದಕ್ಕೆ ಕತ್ತರಿಸಿ ವೈರಿಂಗ್ ಪೈಪಿನೊಳಗೆ ತೂರಿಸಿ. ಬೇಸಿಗೆಯಾದರೆ ಪೈಪನ್ನು ತಾರಸಿಯ ಮೇಲೆ ಸಮತಟ್ಟಾಗಿ ಬಿಸಿಲಿಗೆ ಮಲಗಿಸಿ, ಬೆಳಗ್ಗೆ ಹತ್ತಕ್ಕೆ ಇಟ್ಟರೆ ಸಂಜೆ ತಂಪಾದ ಮೇಲೆ ತೆಗೆಯಿರಿ. ರಾಯಚೂರು, ಕಲಬುರಗಿ ಕಡೆಯವರಿಗೆ ಏಪ್ರಿಲಿನಲ್ಲಿ ಒಂದೇ ದಿನ ಸಾಕಾದೀತು, ನಮ್ಮ ಮೈಸೂರಿನ ಬಿಸಿಲಿಗೆ ಎರಡು ದಿನ ಬೇಕಾಯಿತು. ಬಿಸಿಯಿರುವಾಗಲೇ ಹೊರಗೆಳೆಯಬೇಡಿ. ನೆಟ್ಟಗೆ ನಿಲ್ಲುವುದು ಕಾಯ್ದಾಗ ಅಲ್ಲ, ಆರಿದಾಗ.

ಮಳೆಗಾಲವಾದರೆ ಹೇರ್ ಡ್ರೈಯರೇ ಗತಿ. ರಾಡಿನ ಒಂದು ತುದಿಯನ್ನು ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪಿನಿಂದ ಸಿಕ್ಕಿಸಿ, ಇನ್ನೊಂದಕ್ಕೆ ಎರಡು ಕ್ಲಿಪ್ ಭಾರ ತೂಗಿಬಿಡಿ. ಒಂದು ಗೇಣು ದೂರದಿಂದ ಡ್ರೈಯರನ್ನು ಮೇಲೆ ಕೆಳಗೆ ಆಡಿಸುತ್ತಾ ಸುತ್ತಲೂ ಕಾಯಿಸಿ. ಒಂದೇ ಕಡೆ ಹಿಡಿದರೆ ಫೋಮಿನ ಮೈ ಸುಕ್ಕುಗಟ್ಟಿ ಹೊಳೆಯತೊಡಗುತ್ತದೆ. ಆ ತುಂಡು ಕೆಟ್ಟಿತೆಂದೇ ಲೆಕ್ಕ. ಭಾರ ಜಾಸ್ತಿ ತೂಗಿದರೆ ರಾಡು ಎಳೆದುಕೊಂಡು ತೆಳ್ಳಗಾಗುತ್ತದೆ, ನಳಿಗೆಗೆ ಸಡಿಲವಾಗುತ್ತದೆ.

ಆರಿದ ಮೇಲೆ ಮೇಜಿನ ಮೇಲೆ ಉರುಳಿಸಿ ನೋಡಿ. ಲಟ್ಟಣಿಗೆಯಂತೆ ಸಲೀಸಾಗಿ ಉರುಳಿದರೆ ಮುಂದಿನ ಹೆಜ್ಜೆ. ಕುಂಟುತ್ತಾ ಉರುಳಿದರೆ ಮತ್ತೆ ಬಿಸಿಲಿಗೆ.

ಹೆಜ್ಜೆ 2: ಕತ್ತರಿಸುವುದು

ಕಣ್ಣಳತೆಯಲ್ಲಿ ಕತ್ತರಿಸಿದರೆ ಬಾಲ ಓರೆಯಾಗುತ್ತದೆ. ಓರೆ ಬಾಲಕ್ಕೆ ಗಾಳಿ ಒಂದೇ ಕಡೆಯಿಂದ ಒದೆಯುತ್ತದೆ. ಜೇಬಿನಲ್ಲಿದ್ದ ಆ ಸಿಪಿವಿಸಿ ಪೈಪನ್ನೇ ಅಚ್ಚು ಮಾಡಿಕೊಳ್ಳಿ. ಒಂದು ತುದಿಯಿಂದ ನಿಮಗೆ ಬೇಕಾದ ಉದ್ದಕ್ಕೆ ಗುರುತು ಹಾಕಿ, ಅಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಅಡ್ಡಕ್ಕೆ ಪೈಪಿನ ಮುಕ್ಕಾಲು ಭಾಗ ಸೀಳಿ. ರಾಡನ್ನು ತೂರಿಸಿ, ತುದಿಯನ್ನು ಒಂದು ಮರದ ತುಂಡಿಗೆ ಒತ್ತಿ ಹಿಡಿದು, ಸೀಳಿನಲ್ಲಿ ಕಟರ್ ಇಳಿಸಿದರೆ ಪ್ರತಿ ತುಂಡೂ ಅಚ್ಚೊತ್ತಿದಂತೆ ಬರುತ್ತದೆ. ಗರಗಸದಂತೆ ಹಿಂದೆ ಮುಂದೆ ಎಳೆಯಬೇಡಿ, ಒಂದೇ ಎಳೆತ. ಇಪ್ಪತ್ತು ತುಂಡಿಗೊಮ್ಮೆ ಬ್ಲೇಡಿನ ತುದಿ ಮುರಿದು ಹೊಸ ಮೊನೆ ತನ್ನಿ. ಈ ಕೆಲಸ ದೊಡ್ಡವರದು, ಮಕ್ಕಳಿಗೆ ಎಣಿಸುವ ಕೆಲಸ ಕೊಡಿ.

ಉದ್ದ ಎಷ್ಟು? ಮ್ಯಾಗಜೀನಿಗಾದರೆ ಮೂಲ ಡಾರ್ಟಿನ 72ರಲ್ಲಿ ಮೂತಿಯ ಫೆಲ್ಟಿನ 3 ಮಿ.ಮೀ. ಕಳೆದು 69. ಒಂದೊಂದೇ ತುಂಬುವ ಬ್ಲಾಸ್ಟರಿಗೆ 57 ಕತ್ತರಿಸಿದರೆ ಒಟ್ಟು 60 ಆಗುತ್ತದೆ, ನನಗೆ ಅತ್ಯುತ್ತಮವಾಗಿ ಒದಗಿದ್ದು ಇದೇ ಅಳತೆ. ಮುಂದಿನ ಲೆಕ್ಕವೆಲ್ಲ ಈ 60ಕ್ಕೆ.

ಹೆಜ್ಜೆ 3: ಕೊರೆಯುವುದು

ಫೋಮ್ ತುಂಡನ್ನು ಸಿಪಿವಿಸಿ ಪೈಪಿನೊಳಗೆ ಮೂತಿ ಮೇಲಾಗಿ ಕೂರಿಸಿ, ಆಗ ಅದು ನಡುಗುವುದಿಲ್ಲ, ಬಾಗುವುದಿಲ್ಲ. ಏರಿಯಲ್ ಕೊಳವೆಯನ್ನು ನಡುವಿಗೆ ಇಟ್ಟು, ಒತ್ತದೆ, ಬರೀ ತಿರುಗಿಸಿ. ಒತ್ತಿದರೆ ಫೋಮ್ ಒಳಕ್ಕೆ ಕುಸಿದು ತೂತು ಕೊಳವೆಗಿಂತ ಸಣ್ಣದಾಗುತ್ತದೆ. ಕೊಳವೆಯ ಮೇಲೆ 17 ಮಿ.ಮೀ.ಗೆ ಟೇಪಿನ ಗುರುತು ಸುತ್ತಿಕೊಂಡಿದ್ದರೆ ಆಳ ತಪ್ಪುವುದಿಲ್ಲ. ಗುರುತು ಮುಟ್ಟಿದ ಮೇಲೆ ಸ್ವಲ್ಪ ವಾಲಿಸಿ ತಿರುಗಿಸಿದರೆ ಒಳಗಿನ ತಿರುಳು ಕಿತ್ತು ಬರುತ್ತದೆ. ಸುತ್ತ ಉಳಿಯುವ ಗೋಡೆ 3 ಮಿ.ಮೀ. ಎಲ್ಲೆಡೆ ಒಂದೇ ಸಮ ಇದೆಯೇ ನೋಡಿ. ಒಂದು ಕಡೆ ತೆಳುವಾಗಿದ್ದರೆ ಎಸೆಯಬೇಡಿ, ಗುರಿಪರೀಕ್ಷೆಯ ಮೊದಲ ಬಲಿಯಾಗಿ ಇಟ್ಟುಕೊಳ್ಳಿ.

ಗೂಟವಿರುವ ಬ್ಲಾಸ್ಟರಿಗೆ ತುಂಡನ್ನು ತಿರುಗಿಸಿ ಹಿಂಬದಿಯಿಂದಲೂ ನೀವು ಅಳೆದ ಆಳಕ್ಕೆ, ಇನ್ನೈದು ಮಿ.ಮೀ. ಸೇರಿಸಿ, ಕೊರೆಯಿರಿ. ಎರಡು ತೂತುಗಳು ನಡುವೆ ಸೇರಿಕೊಳ್ಳದೆ ಗೋಡೆ ಉಳಿದರೆ ಒಳ್ಳೆಯದು, ಮೂತಿಯ ಭಾರಕ್ಕೆ ಅದು ಬೆನ್ನಾಸರೆ.

ಹೆಜ್ಜೆ 4: ಭಾರ ಕೂರಿಸುವುದು

7 ಮಿ.ಮೀ. ಅಂಟಿನ ಕಡ್ಡಿಯನ್ನು 15 ಮಿ.ಮೀ. ತುಂಡುಗಳಾಗಿ ಕತ್ತರಿಸಿ. ಒಂದೊಂದು ತುಂಡೂ ಅರ್ಧ ಗ್ರಾಮಿಗಿಂತ ತುಸು ಜಾಸ್ತಿ. ಕರಗಿಸಿದ ಅಂಟನ್ನು ತೂತಿಗೆ ಸುರಿಯುವ ಪದ್ಧತಿ ಇದೆ, ನಾನು ಒಪ್ಪುವುದಿಲ್ಲ. ಪ್ರತಿ ಡಾರ್ಟಿಗೂ ಬೇರೆ ಬೇರೆ ತೂಕ ಬರುತ್ತದೆ, ಒಳಗೆ ಗಾಳಿಗುಳ್ಳೆ ಉಳಿಯುತ್ತದೆ, ಇಷ್ಟು ಬಿಸಿ ಅಂಟು ಒಟ್ಟಿಗೆ ಬಿದ್ದರೆ ಫೋಮ್ ಒಳಗೊಳಗೇ ಕರಗುತ್ತದೆ. ಪಾಲಿಥೀನ್ ಫೋಮ್ 110 ಡಿಗ್ರಿ ಆಸುಪಾಸಿನಲ್ಲಿ ಕರಗುವ ಪದಾರ್ಥ, ಗನ್ನಿನಿಂದ ಬರುವ ಅಂಟು ಅದಕ್ಕಿಂತ ಬಿಸಿ. ಕತ್ತರಿಸಿದ ತುಂಡಾದರೆ ತೂಕ ನಿಮ್ಮ ಸ್ಕೇಲಿನಷ್ಟೇ ನಿಖರ. ಮುಟ್ಟಿ ನೋಡಿ, ರಬ್ಬರಿನಂತೆ ಬಾಗುತ್ತದೆ. ನಮಗೆ ಬೇಕಿದ್ದ ಮೆತ್ತಗಿನ ಭಾರ ಇದೇ.

ತುಂಡಿನ ಮೈಯನ್ನು ಮರಳು ಕಾಗದದಲ್ಲಿ ಒಂದು ಸುತ್ತು ಒರಟು ಮಾಡಿ. ಗನ್ನಿನಿಂದ ಒಂದು ಹೆಸರುಕಾಳಿನಷ್ಟು ಅಂಟನ್ನು ಅದರ ಬುಡಕ್ಕೆ ಹಚ್ಚಿ, ಮನಸ್ಸಿನಲ್ಲೇ ಐದು ಎಣಿಸಿ, ತೂತಿಗೆ ಇಳಿಸಿ. ಐದು ಎಣಿಸುವಷ್ಟರಲ್ಲಿ ಅಂಟು ಫೋಮನ್ನು ಸುಡದಷ್ಟು ತಣಿದಿರುತ್ತದೆ, ಹಿಡಿದುಕೊಳ್ಳುವಷ್ಟು ಬಿಸಿ ಉಳಿದಿರುತ್ತದೆ. ತುಂಡು ಫೋಮಿನ ಅಂಚಿಗಿಂತ ಎರಡು ಮಿ.ಮೀ.ನಷ್ಟು ಕೆಳಗೆ ನಿಲ್ಲಬೇಕು. ಆ ತಗ್ಗು ಮುಂದಿನ ಹೆಜ್ಜೆಗೆ ಬೇಕು.

ಬಿಳಿ ಫೆವಿಕಾಲ್ ಈ ಫೋಮಿಗೆ ಹಿಡಿಯುವುದಿಲ್ಲ, ಒಣಗಿದ ಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ. ಫೆವಿಕ್ವಿಕ್ ಜಾತಿಯ ಅಂಟಂತೂ ಬೇಡವೇ ಬೇಡ. ಸರಿಯಾಗಿ ಹಿಡಿಯುವುದಿಲ್ಲ ಎನ್ನುವುದಕ್ಕಿಂತ, ಅದು ಒಣಗಿ ಗಾಜಿನಂತೆ ಗಟ್ಟಿಯಾಗುತ್ತದೆ.

ಹೆಜ್ಜೆ 5: ಮೂತಿ

ಫೆಲ್ಟಿನಲ್ಲಿ 12 ಮಿ.ಮೀ. ಬಿಲ್ಲೆಗಳನ್ನು ಪಂಚ್ ಮಾಡಿಕೊಳ್ಳಿ. ಫೋಮಿಗಿಂತ ಒಂದು ಮಿ.ಮೀ. ಚಿಕ್ಕದಿರುವುದು ಬೇಕೆಂದೇ, ನಳಿಗೆಗೂ ಚಕ್ರಕ್ಕೂ ಫೆಲ್ಟ್ ಉಜ್ಜಬಾರದು. ಕಿತ್ತಳೆಯೋ ಕೆಂಪೋ ಸಿಕ್ಕರೆ ಅದನ್ನೇ ಆರಿಸಿ. ಬ್ಯಾಕರ್ ರಾಡ್ ಸಾಮಾನ್ಯವಾಗಿ ಬೂದು ಬಣ್ಣದ್ದು, ಹುಲ್ಲಿನಲ್ಲಿ ಬಿದ್ದರೆ ಕಾಣಿಸದು.

ಪ್ಯಾಡಿನ ಹಿಂದೆ ಅಂಟಿರುವ ಸ್ಟಿಕ್ಕರ್ ಗೋಂದನ್ನು ನಂಬಬೇಡಿ, ಎರಡನೇ ಹೊಡೆತಕ್ಕೇ ಬಿಲ್ಲೆ ಹಾರಿಹೋಗುತ್ತದೆ. ಡಾರ್ಟಿನ ತಗ್ಗಿನಲ್ಲಿ ಸ್ವಲ್ಪ ಅಂಟು, ಬಿಲ್ಲೆಯ ಹಿಂದೆ ತೆಳ್ಳಗೆ ಸ್ವಲ್ಪ ಅಂಟು, ಮತ್ತೆ ಐದು ಎಣಿಸಿ ಒತ್ತಿ ಹಿಡಿಯಿರಿ. ಒಳಗಿರುವುದೂ ಅಂಟಿನ ಕಡ್ಡಿಯೇ ಆದ್ದರಿಂದ ತನ್ನ ಜಾತಿಯದನ್ನು ಕಂಡು ಕೂಡಿಕೊಳ್ಳುತ್ತದೆ, ಬಿಲ್ಲೆ, ಕಡ್ಡಿ, ಫೋಮ್ ಮೂರೂ ಒಂದೇ ಆಗುತ್ತವೆ. ಲೋಹದ ಗುಂಡಿಗೆ ಅಂಟು ಹೀಗೆ ಬೆಸೆಯುವುದಿಲ್ಲ, ಕಳಚಿಕೊಳ್ಳುತ್ತದೆ. ಬೀರುವಿನ ಕಥೆಯ ನಂತರ ಹುಡುಕಿದ ದಾರಿಯಲ್ಲಿ ಸಿಕ್ಕ ಲಾಭ ಇದು.

ಅಂಚಿನಿಂದ ಅಂಟು ಹೊರಗೆ ಉಕ್ಕಿದರೆ ಬಿಸಿಯಿರುವಾಗ ಬೆರಳಿನಿಂದ ಒರೆಸಲು ಹೋಗಬೇಡಿ. ನನ್ನ ಹೆಬ್ಬೆರಳಿನ ಮೇಲೆ ಆ ಪಾಠದ ಗುರುತು ಇನ್ನೂ ಇದೆ. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇರಲಿ. ಆರಿದ ಮೇಲೆ ಬ್ಲೇಡಿನಿಂದ ಕೆರೆದರೆ ಸಲೀಸಾಗಿ ಬಿಡುತ್ತದೆ.

ಹೆಜ್ಜೆ 6: ಮೂರು ಪರೀಕ್ಷೆ

ಹಾರಿಸುವ ಮುಂಚೆ ಪ್ರತಿ ಡಾರ್ಟನ್ನೂ ಕೈಯಲ್ಲಿ ಹಿಡಿದು ನೋಡಬೇಕು.

ಉಗುರಿನ ಪರೀಕ್ಷೆ ಮೊದಲು: ಹೆಬ್ಬೆರಳಿನ ಉಗುರಿನಿಂದ ಮೂತಿ ಒತ್ತಿ. ಫೆಲ್ಟ್ ತಗ್ಗಬೇಕು, ಬಿಟ್ಟರೆ ಏಳಬೇಕು. ಗಟ್ಟಿ ಅಂಟಿನ ಗಡ್ಡೆ ತಾಗಿದರೆ ಆ ಡಾರ್ಟು ಬೇಡ.

ಎಳೆಯುವ ಪರೀಕ್ಷೆ: ಬಿಲ್ಲೆಯನ್ನು ಚಿವುಟಿ ಎಳೆಯಿರಿ. ಕಿತ್ತು ಬರುವುದಿದ್ದರೆ ನಿಮ್ಮ ಕೈಯಲ್ಲೇ ಬರಲಿ, ಮಗುವಿನ ಬಾಯಲ್ಲಿ ಬೇಡ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಈ ಡಾರ್ಟುಗಳನ್ನು ನೆಲದ ಮೇಲೆ ಬಿಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರವೇ ಅದು.

ತೂಗುವ ಪರೀಕ್ಷೆ: ಡಾರ್ಟನ್ನು ಪೆನ್ಸಿಲಿನ ಮೇಲೆ ಅಡ್ಡಲಾಗಿಟ್ಟು ಎಲ್ಲಿ ಸಮತೂಕ ನಿಲ್ಲುತ್ತದೆ ನೋಡಿ. 60 ಮಿ.ಮೀ. ಡಾರ್ಟು ಮೂತಿಯಿಂದ 15 ಮಿ.ಮೀ. ಹತ್ತಿರ ನಿಲ್ಲಬೇಕು, ಅಂದರೆ ಕಾಲು ಭಾಗದ ಹತ್ತಿರ. ನಡುಭಾಗಕ್ಕೆ ಬಂದಿದ್ದರೆ ಭಾರ ಸಾಲದು. ಚಿನ್ನ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಇನ್ನೂ ಸುಲಭ. ನನ್ನವು 0.8ರಿಂದ 0.9 ಗ್ರಾಮಿನ ನಡುವೆ ಬರುತ್ತವೆ. ತಕ್ಕಡಿ ಇಲ್ಲದಿದ್ದರೆ ಸ್ಕೇಲನ್ನು ಪೆನ್ಸಿಲಿನ ಮೇಲೆ ಏತದಂತೆ ಇಟ್ಟು, ಒಂದು ಕಡೆ ಅಂಗಡಿಯ ಡಾರ್ಟು, ಇನ್ನೊಂದು ಕಡೆ ನಿಮ್ಮದು.

ಹಾರಿಸಿ ನೋಡುವುದು, ತಪ್ಪು ಹಿಡಿಯುವುದು

ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಮಟ್ಟಕ್ಕೆ ಇಟ್ಟು, ಐದು ಮೀಟರ್ ದೂರದಿಂದ ಒಂದೇ ಗುರಿಗೆ ಹತ್ತು ಡಾರ್ಟು ಹಾರಿಸಿ. ಫ್ಯಾನ್ ಆರಿಸುವುದನ್ನು ಮರೆಯಬೇಡಿ. ಒಂದು ಗ್ರಾಮಿಲ್ಲದ ವಸ್ತುವಿಗೆ ಸೀಲಿಂಗ್ ಫ್ಯಾನ್ ಅಂದರೆ ಬಿರುಗಾಳಿ. ನಾನು ಒಂದು ಸಂಜೆಯೆಲ್ಲ ಡಾರ್ಟನ್ನು ಬೈದು, ಆಮೇಲೆ ತಲೆಯೆತ್ತಿ ನೋಡಿದ್ದೆ.

ಫೋನಿನಲ್ಲಿ ಸ್ಲೋ ಮೋಷನ್ ಇದ್ದರೆ ಪಕ್ಕದಿಂದ ಚಿತ್ರಿಸಿ. ಸೆಕೆಂಡಿಗೆ 240 ಚೌಕಟ್ಟು ಹಿಡಿಯುವ ಕ್ಯಾಮೆರಾದಲ್ಲಿ, ಸೆಕೆಂಡಿಗೆ 20 ಮೀಟರ್ ಓಡುವ ಡಾರ್ಟು ಒಂದು ಚೌಕಟ್ಟಿಗೆ ಎಂಟೂ ಚಿಲ್ಲರೆ ಸೆಂ.ಮೀ. ಸರಿಯುತ್ತದೆ. ಹಿಂದೆ ಗೋಡೆಗೆ ಹತ್ತು ಹತ್ತು ಸೆಂ.ಮೀ.ಗೆ ಗೆರೆ ಎಳೆದ ಕಾಗದ ಅಂಟಿಸಿದರೆ ವೇಗವನ್ನು ನೀವೇ ಲೆಕ್ಕ ಹಾಕಬಹುದು. ಹೈಸ್ಕೂಲು ಮಕ್ಕಳಿಗೆ ಇದರ ಮುಂದೆ ಡಾರ್ಟೇ ಸಪ್ಪೆ.

ಬಾಲ ಮೀನಿನಂತೆ ಅಲ್ಲಾಡುತ್ತಾ ಹೋಗುತ್ತಿದ್ದರೆ ಮೂತಿಯ ಭಾರ ಕಡಿಮೆ, ಇಲ್ಲವೇ ಡಾರ್ಟು ತೀರ ಗಿಡ್ಡ. ಕಡ್ಡಿಯನ್ನು 18 ಮಿ.ಮೀ.ಗೆ ಏರಿಸಿ, ತೂತನ್ನೂ 20 ಮಿ.ಮೀ. ಆಳ ಮಾಡಿ. ಎಲ್ಲವೂ ಒಂದೇ ಕಡೆಗೆ ವಾಲುತ್ತಿದ್ದರೆ ದೋಷ ನಿಮ್ಮ ನಳಿಗೆಯದು ಅಥವಾ ಕೈಯದು. ಒಂದೊಂದು ಒಂದೊಂದು ಕಡೆಗೆ ಹೋದರೆ ಮಾತ್ರ ದೋಷ ಡಾರ್ಟಿನದು, ಹೆಜ್ಜೆ 1ಕ್ಕೆ ವಾಪಸ್ಸು. ನೆಟ್ಟಗೆ ಹೋಗಿ ಬೇಗ ನೆಲ ಕಚ್ಚುತ್ತಿದ್ದರೆ ಎರಡು ಕಾರಣವಿರಬಹುದು. ಫೋಮ್ ಸಡಿಲವಾಗಿ ಗಾಳಿ ಪಕ್ಕದಿಂದ ನುಸುಳುತ್ತಿದೆ, ಇಲ್ಲವೇ ಭಾರ ಅತಿಯಾಗಿದೆ. ಸ್ಪ್ರಿಂಗಿನಲ್ಲಿರುವ ಶಕ್ತಿ ಅಷ್ಟೇ. ಡಾರ್ಟಿನ ತೂಕ ಎರಡರಷ್ಟಾದರೆ ವೇಗ ಹೆಚ್ಚುಕಡಿಮೆ ಶೇಕಡಾ 70ಕ್ಕೆ ಇಳಿಯುತ್ತದೆ. ಭಾರ ಏರಿಸಿದಷ್ಟೂ ದೂರ ಹೋಗುತ್ತದೆ ಎಂದು ತಿಳಿದವರು ಒಮ್ಮೆ ಮಾಡಿ ನೋಡಲಿ.

ಡಾರ್ಟು ನಳಿಗೆಯಲ್ಲೇ ಸಿಕ್ಕಿಕೊಂಡರೆ ಬ್ಲಾಸ್ಟರಿನ ಬಾಯಿಗೆ ಕಣ್ಣಿಟ್ಟು ನೋಡಬೇಡಿ. ಸ್ಪ್ರಿಂಗ್ ಬಿಟ್ಟಿದೆ ಎಂದು ಖಾತ್ರಿ ಮಾಡಿಕೊಂಡು, ಮುಂದಿನಿಂದ ಕಡ್ಡಿ ಹಾಕಿ ಹಿಂದಕ್ಕೆ ನೂಕಿ.

ಆಟಕ್ಕೆ ಇಳಿಯುವಾಗ

ಕನ್ನಡಕವಿಲ್ಲದೆ ಆಟವಿಲ್ಲ. ನಮ್ಮ ಮನೆಯಲ್ಲಿ ಇದೊಂದು ವಿಷಯಕ್ಕೆ ರಾಜಿಯಿಲ್ಲ. ಪ್ರಯೋಗಾಲಯದಲ್ಲಿ ಹಾಕಿಕೊಳ್ಳುವ, ವೆಲ್ಡಿಂಗ್ ಅಂಗಡಿ ಪಕ್ಕದ ಹಾರ್ಡ್‌ವೇರಿನಲ್ಲಿ ಸಿಗುವ ಪಕ್ಕ ಮುಚ್ಚಿದ ಪಾರದರ್ಶಕ ಸುರಕ್ಷಾ ಕನ್ನಡಕ ಸಾಕು. ತಂಪು ಕನ್ನಡಕ ಅದರ ಕೆಲಸ ಮಾಡದು. ಆಡುವವರಿಗಷ್ಟೇ ಅಲ್ಲ, ನೋಡುತ್ತಾ ಕೂತ ಅಜ್ಜಿಗೂ ಬೇಕು. ನಮ್ಮಮ್ಮ ಮೊದಲು ನಕ್ಕರು, ಆಮೇಲೆ ಅದನ್ನು ಹಾಕಿಕೊಂಡೇ ಈರುಳ್ಳಿ ಹೆಚ್ಚತೊಡಗಿದರು. ಮುಖಕ್ಕೆ ಗುರಿಯಿಡಬಾರದು, ಮೂರು ಮೀಟರಿಗಿಂತ ಹತ್ತಿರದಿಂದ ಯಾರಿಗೂ ಹೊಡೆಯಬಾರದು, ದನ, ನಾಯಿ, ದಾರಿಹೋಕರು ಆಟದೊಳಗಿಲ್ಲ.

ಆಟ ಮುಗಿದ ಮೇಲೆ ಎಣಿಸಿ. ದನ, ನಾಯಿಗಳು ಫೋಮನ್ನು ನುಂಗುತ್ತವೆ, ಬೀದಿಯಲ್ಲಿ ಬಿಟ್ಟು ಬರಬೇಡಿ. ತಾರಸಿಯ ನೀರಿನ ಪೈಪಿನ ಬಾಯಿಗೆ ಒಂದು ಜಾಲರಿ ಹಾಕಿದರೆ ಜೂನ್ ತಿಂಗಳಿನಲ್ಲಿ ಪ್ಲಂಬರನ್ನು ಕರೆಸುವ ಪ್ರಮೇಯ ಬರುವುದಿಲ್ಲ.

ತುಂಬಿದ ಮ್ಯಾಗಜೀನಿನಲ್ಲೇ ಡಾರ್ಟು ಬಿಟ್ಟರೆ ವಾರದಲ್ಲಿ ಚಪ್ಪಟೆಯಾಗುತ್ತವೆ. ಹೋಳಿಗೆ ಡಬ್ಬಿಯಂಥ ಅಗಲ ಬಾಯಿಯ ಡಬ್ಬಿಯಲ್ಲಿ ಮೂತಿ ಕೆಳಗೆ ಮಾಡಿ ಸಡಿಲವಾಗಿ ನಿಲ್ಲಿಸಿಡಿ. ಸ್ವಲ್ಪ ಚಪ್ಪಟೆಯಾದದ್ದಕ್ಕೆ ಡ್ರೈಯರಿನ ಬಿಸಿಗಾಳಿ ಅರ್ಧ ನಿಮಿಷ ತೋರಿಸಿ ಅಂಗೈಗಳ ನಡುವೆ ಉರುಳಿಸಿದರೆ ದುಂಡಾಗುತ್ತದೆ. ಬಾಲ ಹರಿದದ್ದನ್ನು ಬಿಸಾಡುವ ಮುಂಚೆ ಮೂತಿ ಕತ್ತರಿಸಿ ಒಳಗಿನ ಕಡ್ಡಿ ತೆಗೆದಿಟ್ಟುಕೊಳ್ಳಿ, ಇನ್ನೊಂದು ಡಾರ್ಟಿಗೆ ಆಗುತ್ತದೆ.